ಕರ್ಕೊಂಡು ಬರೋರು

ಜೂನ್ 3, ಮಂಗಳವಾರ

ಅಂಗಡಿಯಲ್ಲಿ ಕತ್ತರಿಸಿ ಉಳಿದ ಹಾಳೆಗಳನ್ನು ಮಡಿಸಿ ಹೊಲಿದುಕೊಂಡ ಪುಸ್ತಕ ಇದು. ಹದಿನೆಂಟು ವರ್ಷದಿಂದ ಊರವರ ಪುಸ್ತಕಗಳಿಗೆಲ್ಲ ಬೈಂಡ್ ಹಾಕಿದ್ದೇನೆ. ನನಗೆಂದು ಒಂದನ್ನು ಹೊಲಿದದ್ದು ಇದೇ ಮೊದಲು. ಮಾತಾಡಲು ಮನೆಯಲ್ಲಿ ಯಾರೂ ಇಲ್ಲವೆಂದು ಬರೆಯಲು ಕೂತೆ. ಯಾರೂ ಇಲ್ಲವೆಂದರೆ ಸುಳ್ಳಾದೀತು. ನಮ್ಮ ಮನೆಯವರ ಮಗಳಿದ್ದಾಳೆ. ಏಳು ವರ್ಷ. ಒಳಕೋಣೆಯಲ್ಲಿ ಕೂತಿದ್ದಾಳೆ, ಕೂತ ಸದ್ದೂ ಇಲ್ಲ.

ಮೂವತ್ತೆಂಟಕ್ಕೆ ಮದುವೆಯಾದವಳು ನಾನು. ನಾಲ್ಕು ತಿಂಗಳಾಯಿತು. ನಮ್ಮ ಮನೆಯವರು ಕ್ರೇನ್ ಓಡಿಸುತ್ತಾರೆ. ಹೋದ ವಾರ ಸೇತುವೆ ಕೆಲಸಕ್ಕೆಂದು ದೂರ ಹೋದರು, ಬರುವುದು ಅಕ್ಟೋಬರಿಗೆ. ಮೊದಲ ಹೆಂಡತಿ ತೀರಿಕೊಂಡು ಎರಡು ವರ್ಷ. ಆ ಎರಡು ವರ್ಷ ಹುಡುಗಿಯನ್ನು ಸಾಕಿದ್ದು ಅವಳ ಅಜ್ಜಿ, ಅಂದರೆ ತಾಯಿಯ ತಾಯಿ. ನಾಲ್ಕು ಬೀದಿ ಆಚೆ ಇದ್ದಾರೆ.

ಇವತ್ತು ಶಾಲೆಯಿಂದ ಚೀಟಿ ಬಂದಿತ್ತು, ಹೋದೆ. ಎರಡನೇ ಕ್ಲಾಸಿನ ಟೀಚರ್ ಲೆಕ್ಕದ ಪುಸ್ತಕ ಬಿಚ್ಚಿ ತೋರಿಸಿದರು. ಅರ್ಧಕ್ಕರ್ಧ ಖಾಲಿ.

"ಕೂಡೋದು ಹೇಗೋ ಮಾಡ್ತಾಳೆ. ಕಳೆಯೋ ಲೆಕ್ಕ ಬಂದ್ರೆ ಪೆನ್ಸಿಲ್ ಕೆಳಗಿಟ್ಟು ಕೂತ್ಬಿಡ್ತಾಳೆ. ಸೆಪ್ಟೆಂಬರ್ ಪರೀಕ್ಷೆ ಹೊತ್ತಿಗೆ ಸರಿಹೋಗ್ಲಿಲ್ಲ ಅಂದ್ರೆ ಒಂದನೇ ಕ್ಲಾಸಿನ ಮಕ್ಕಳ ಜೊತೆ ಕೂರಿಸ್ಬೇಕಾಗತ್ತೆ. ಸಾಯಂಕಾಲ ಎಲ್ಲಾದ್ರೂ ಲೆಕ್ಕದ ಕ್ಲಾಸಿಗೆ ಸೇರಿಸಿ" ಅಂದರು. ಆಮೇಲೆ, "ನೀವು ಹುಡುಗಿಗೆ ಏನಾಗ್ಬೇಕು?"

"ಅವಳ ಅಪ್ಪನ ಹೆಂಡತಿ" ಅಂದೆ. ಬಾಯಿಂದ ಬಿದ್ದ ಮೇಲೆ ನಾಚಿಕೆಯಾಯಿತು. ಎಂಥ ಉತ್ತರ ಅದು!

ಮನೆಯವರಿಗೆ ಫೋನ್ ಮಾಡಿದೆ. ಗಾಳಿಯ ಸದ್ದಿನ ನಡುವೆ, "ನಿನಗೆ ಸರಿ ಅನ್ಸಿದ್ದು ಮಾಡು. ತೀರಾ ಕಷ್ಟ ಅಂದ್ರೆ ಅವಳ ಅಜ್ಜಿ ಹತ್ರ ಬಿಡು, ಅವರೇನೂ ಬೇಡ ಅನ್ನಲ್ಲ" ಅಂದರು. ಸುಳ್ಳು ಬರೆಯುವುದಿಲ್ಲ: ಆ ಮಾತು ಕೇಳಿ ಒಂದು ಗಳಿಗೆ ಹೆಗಲು ಹಗುರಾಯಿತು.

ದಿನ ಮುಗಿಯುವ ಮುಂಚೆ ಒಂದಾದರೂ ಉಪಕಾರ ನೆನೆಯಬೇಕು ಅನ್ನುತ್ತಿದ್ದಳು ನನ್ನಮ್ಮ. ಇವತ್ತಿನದು: ಟೀಚರ್ ಹುಡುಗಿಯ ಎದುರಿಗೆ ಇದನ್ನೆಲ್ಲ ಹೇಳಲಿಲ್ಲ.

ಜೂನ್ 6, ಶುಕ್ರವಾರ

ಎರಡು ಕಡೆ ಹೋಗಿ ಬಂದೆವು.

ಮೊದಲನೆಯದು ದೊಡ್ಡ ರಸ್ತೆಯಲ್ಲಿ. ಗಾಜಿನ ಬಾಗಿಲು, ಗೋಡೆ ತುಂಬ ನೂರಕ್ಕೆ ನೂರು ತೆಗೆದ ಮಕ್ಕಳ ಫೋಟೋ. ಕೋಟು ತೊಟ್ಟವನೊಬ್ಬ ಅವಳ ಮುಂದೆ ಹಾಳೆ ಇಟ್ಟು ಗಡಿಯಾರ ನೋಡುತ್ತ ಕೂತ. ಐದು ನಿಮಿಷಕ್ಕೆ ಹಾಳೆ ಎಳೆದುಕೊಂಡು, "ತುಂಬಾ ವೀಕ್" ಎಂದ. ಅವಳೇನೋ ಕಿವುಡಿಯೆಂಬಂತೆ, ಅವಳ ತಲೆಯ ಮೇಲಿಂದ ನನಗೆ ಹೇಳಿದ. ಯೋಚಿಸಿ ಬರುತ್ತೇವೆ ಎಂದು ಎದ್ದೆ. ಯೋಚಿಸಲು ಏನೂ ಇರಲಿಲ್ಲ.

ದಾರಿಯಲ್ಲಿ ಅವಳ ಶೂ ಬಾಯಿ ಬಿಟ್ಟಿತು. ಹೊಲಿಸಲು ನಿಂತಾಗ ಚಪ್ಪಲಿ ಹೊಲಿಯುವಾತ ವಿಷಯ ಕೇಳಿ, "ಇಲ್ಲೇ ಮೇಲ್ಗಡೆ ಒಬ್ರು ಲೆಕ್ಕ ಹೇಳ್ಕೊಡ್ತಾರಲ್ಲ. ಇಷ್ಟು ವರ್ಷದಲ್ಲಿ ಈ ಮೆಟ್ಟಿಲಲ್ಲಿ ಅಳ್ತಾ ಇಳಿದ ಮಗುನ ನಾನು ನೋಡಿಲ್ಲ" ಎಂದ. ಗಾಜಿನ ಬಾಗಿಲಿಗಿಂತ ಈ ಮಾತು ಮೇಲೆನ್ನಿಸಿತು.

ಕಡಿದಾದ ಮೆಟ್ಟಿಲು, ಮೇಲೆ ಒಂದೇ ಕೋಣೆ, ಮೂರು ಬೆಂಚು, ಒಂದು ಹಲಗೆ. ಟೀಚರಿಗೆ ಅರವತ್ತು ದಾಟಿರಬೇಕು. ಮೂವತ್ತು ವರ್ಷ ಧಾನ್ಯದ ಗೋದಾಮಿನಲ್ಲಿ ಮೂಟೆಗಳ ಲೆಕ್ಕ ಇಟ್ಟವರಂತೆ. ಕನ್ನಡಕ ಹಣೆಯ ಮೇಲಿತ್ತು, ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದರು. ಹುಡುಗಿ ಸುಮ್ಮನೆ ಬೆರಳೆತ್ತಿ ಅವರ ಹಣೆ ತೋರಿಸಿದಳು.

"ಓಹೋ, ಕಣ್ಣು ಚುರುಕಾಗಿದೆ. ಈ ರೂಮಲ್ಲಿ ಎಷ್ಟು ಕಿಟಕಿ ಇದೆ ಹೇಳು ನೋಡೋಣ?"

"ಎರಡು. ಒಂದು ತೆಗೆಯೋಕೆ ಬರಲ್ಲ."

"ನಿಂಗೆ ಹೇಗೆ ಗೊತ್ತಾಯ್ತು?"

"ಬಣ್ಣ ಹಚ್ಚುವಾಗ ಅಂಟ್ಕೊಂಡಿದೆ."

ಟೀಚರ್ ಎದ್ದು ಹೋಗಿ ಕಿಟಕಿಯನ್ನೊಮ್ಮೆ ತಳ್ಳಿ ನೋಡಿ, "ಹೌದಲ್ಲ! ಹತ್ತು ವರ್ಷದಿಂದ ತುಕ್ಕು ಅಂದ್ಕೊಂಡಿದ್ದೆ" ಎಂದು ನಕ್ಕರು. ಅವಳು ಇಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಇವತ್ತೇ.

ಸೇರಿಸಿಕೊಳ್ಳುವ ಪುಸ್ತಕದಲ್ಲಿ ಹೆಸರು ಬರೆದುಕೊಂಡು, "ನೀವು?" ಅಂದರು. ಮತ್ತದೇ ಪ್ರಶ್ನೆ. ಅವರು ಕಾಯಲಿಲ್ಲ. "ವಾರಕ್ಕೆ ಮೂರು ದಿನ ಕರ್ಕೊಂಡು ಬರೋರು ನೀವೇ ತಾನೆ?"

"ಹೌದು."

"ಮತ್ತೇನು" ಎಂದು ಹಾಗೆಯೇ ಬರೆದರು: ಕರ್ಕೊಂಡು ಬರೋರು.

ಪುಣ್ಯಾತ್ಮಳು. ತಣ್ಣಗಿರಲಿ.

ಜೂನ್ 9, ಸೋಮವಾರ

ಸೋಮ, ಬುಧ, ಶುಕ್ರ ನಾಲ್ಕೂವರೆಗೆ ಕ್ಲಾಸು. ನನ್ನ ಕೆಲಸ ಮುಗಿಯುವುದು ಆರಕ್ಕೆ. ಮೊನ್ನೆ ಶನಿವಾರ ಬೈಂಡಿಂಗ್ ಅಂಗಡಿಯ ಯಜಮಾನರ ಮುಂದೆ ಕೈ ಹಿಸುಕುತ್ತ ನಿಂತೆ. ಅವರು ಗೋಂದಿನ ಬ್ರಷ್ಷು ಕೆಳಗಿಡದೆ, "ಬೆಳಿಗ್ಗೆ ಏಳಕ್ಕೆ ಬಾ, ನಾಲ್ಕಕ್ಕೆ ಹೋಗು. ಇದಕ್ಕೆ ಇಷ್ಟು ಪೀಠಿಕೆ ಯಾಕೆ?" ಅಂದರು. ಹುಡುಗಿಯನ್ನು ಬೆಳಿಗ್ಗೆ ಎಲ್ಲಿ ಬಿಡುವುದು ಅಂದೆ. "ಅಂಗಡೀಲಿ ಇಷ್ಟು ಕಾಗದ ಇದೆ, ಒಂದು ಮಗು ಜಾಸ್ತಿಯಾಗತ್ತಾ?"

ಹಾಗಾಗಿ ಇವತ್ತು ಏಳಕ್ಕೆ ಇಬ್ಬರೂ ಬಂದೆವು. ಕಟಿಂಗ್ ಮಷೀನಿನ ಹತ್ತಿರ ಬರಬಾರದು ಎಂದದ್ದಕ್ಕೆ ತಲೆಯಾಡಿಸಿದಳು. ಕಿಟಕಿಯ ಕೆಳಗೆ ಹಾಳೆಯ ರಾಶಿಗಳ ನಡುವೆ, ತಾನೂ ಒಂದು ರಾಶಿಯ ಹಾಗೆ, ಶಾಲೆಯ ಹೊತ್ತಾಗುವವರೆಗೆ ಕೂತಿದ್ದಳು.

ಅವಳನ್ನು ಮನೆಯಲ್ಲಿ ಎಲ್ಲರೂ ಪಿಟೀಲು ಅನ್ನುತ್ತಾರೆ. ಎಳೆಗೂಸಾಗಿದ್ದಾಗ ಅವಳ ಅಳು ಪಿಟೀಲು ಕುಯ್ದ ಹಾಗಿರುತ್ತಿತ್ತು ಅಂತ ಅವಳ ಅಜ್ಜಿ ಹೇಳಿದ್ದರು. ಈಗಿನವಳನ್ನು ನೋಡಿದರೆ ನಂಬುವುದು ಕಷ್ಟ. ಆ ಹೆಸರಿಂದ ನಾನಿನ್ನೂ ಕರೆದಿಲ್ಲ. ಕರೆಯುವವರಿಗೆ ಒಂದು ಹಕ್ಕಿರಬೇಕಲ್ಲ.

ಜೂನ್ 13, ಶುಕ್ರವಾರ

ಕ್ಲಾಸು ನಡೆಯುವಾಗ ದೊಡ್ಡವರು ಮೆಟ್ಟಿಲ ಮೇಲೆ ಕಾಯುತ್ತೇವೆ. ನನ್ನ ಹಾಗೆ ತಪ್ಪದೆ ಬರುವವನು ಒಬ್ಬ ಕ್ಷೌರಿಕ. ಇಬ್ಬರು ಹೆಣ್ಣುಮಕ್ಕಳನ್ನು ಕರೆತರುತ್ತಾನೆ. ಬಾಯಿ ಸುಮ್ಮನಿರುವುದಿಲ್ಲ. "ನನ್ನ ಕತ್ತರಿ ನಿಂತ್ರೂ ನಾಲಿಗೆ ನಿಲ್ಲಲ್ಲ ಅಕ್ಕ, ವೃತ್ತಿ ಹಾಗಿದೆ" ಅನ್ನುತ್ತಾನೆ.

ಇವತ್ತು ಹುಡುಗಿ ಇಳಿದು ಬಂದಾಗ ತುಟಿ ಒಣಗಿ ಬಿರಿದಿತ್ತು. ನೀರಿನ ಬಾಟಲಿ ನನ್ನ ಚೀಲದಲ್ಲೇ ಉಳಿದುಬಿಟ್ಟಿತ್ತು. ಒಂದು ಗಂಟೆ ಬಾಯಾರಿ ಕೂತಿದ್ದಾಳೆ, ಬಾಗಿಲಾಚೆ ನಾನಿದ್ದೇನೆ. ನೀರು ಕೊಟ್ಟೆ. ಗಟಗಟ ಕುಡಿದಳು.

"ಬಂದು ಕೇಳೋದಲ್ವಾ?" ಅಂದೆ.

"ಅಜ್ಜಿ ಹೇಳಿದಾರೆ. ಯಾರ ಹತ್ರನೂ ಏನೂ ಕೇಳಬಾರದು ಅಂತ. ನಿಮ್ಮ ಹತ್ರನಂತೂ ಕೇಳಲೇಬಾರದು ಅಂತ."

ಮನೆಗೆ ಹೊರಟೆವು. ಅವಳು ಎರಡು ಹೆಜ್ಜೆ ಹಿಂದೆ ನಡೆಯುತ್ತಾಳೆ, ಯಾವಾಗಲೂ ಎರಡೇ. ನಾನು ನಿಧಾನಿಸಿದರೆ ತಾನೂ ನಿಧಾನಿಸುತ್ತಾಳೆ.

ಇವತ್ತಿನ ಉಪಕಾರ ನೆನೆಯಲು ಸ್ವಲ್ಪ ಹುಡುಕಬೇಕಾಯಿತು. ಕ್ಷೌರಿಕ ಇದನ್ನೆಲ್ಲ ಕೇಳಿಸಿಕೊಂಡರೂ ಕೇಳದವನ ಹಾಗೆ ತನ್ನ ಚಪ್ಪಲಿ ನೋಡುತ್ತ ಕೂತಿದ್ದ. ಆ ನಾಲಿಗೆಗೆ ಅದು ಸಣ್ಣ ಕೆಲಸವಲ್ಲ.

ಜೂನ್ 22, ಭಾನುವಾರ

ಅಜ್ಜಿ ಬಂದಿದ್ದರು. ಭಾನುವಾರ ಬರುತ್ತಾರೆ, ಕುರ್ಚಿಯ ತುದಿಯಲ್ಲಿ ಕೂರುತ್ತಾರೆ, ನಾನು ಕೊಟ್ಟದ್ದನ್ನು ಅರ್ಧ ಕುಡಿದು ಇಡುತ್ತಾರೆ.

"ಏಳು ವರ್ಷದ ಮಗೂಗೆ ಸಾಯಂಕಾಲದ ಕ್ಲಾಸಂತೆ. ನನ್ನ ಹತ್ರ ಇದ್ದಾಗ ಸರಿಯಾಗೇ ಇದ್ದಳು" ಅಂದರು ಗೋಡೆಗೆ.

ಗೋಡೆ ಏನೂ ಹೇಳಲಿಲ್ಲ. ನಾನು ಅರ್ಧ ಉಳಿದ ಲೋಟ ಎತ್ತಿಕೊಂಡು ಒಳಗೆ ಹೋದೆ.

ಜುಲೈ 4, ಶುಕ್ರವಾರ

ಟೀಚರ್ ಇವತ್ತು ನನ್ನನ್ನು ಒಳಗೆ ಕರೆದರು. ಮಕ್ಕಳು ಇಳಿದು ಹೋಗಿ ಚಪ್ಪಲಿಯವನ ಮುಂದೆ ಗಲಾಟೆ ಮಾಡುತ್ತಿದ್ದವು.

"ಗಂಟು ಎಲ್ಲಿದೆ ಅಂತ ಸಿಕ್ಕಿತು. ಒಂಬತ್ತರಲ್ಲಿ ನಾಲ್ಕು ಕಳೀತಾಳೆ. ಇಪ್ಪತ್ತೆಂಟರಲ್ಲಿ ಹದಿನೈದು ಕಳೀತಾಳೆ. ಮೂವತ್ತೆರಡರಲ್ಲಿ ಹದಿನೇಳು ಅಂದ್ರೆ ಪೆನ್ಸಿಲ್ ಕೆಳಗೆ. ಎರಡರಲ್ಲಿ ಏಳು ಹೋಗಲ್ಲ, ಪಕ್ಕದ ಮನೆಯಿಂದ ಒಂದು ಕೇಳಿ ತಗೋ ಅಂತ ಎಲ್ಲ ಮಕ್ಕಳಿಗೂ ಹೇಳೋ ಹಾಗೆ ಹೇಳಿದೆ. ಏನಂದ್ಲು ಗೊತ್ತಾ? 'ಕೇಳಬಾರದು ಟೀಚರ್.' ಮೊದಲು ನಗು ಬಂತು. ಮುಖ ನೋಡಿದೆ, ನಗು ಹೋಯ್ತು."

ನನಗೆ ಅಳು ಬಂತು. ನೀರಿನ ಬಾಟಲಿಯ ವಿಷಯ ಹೇಳಿದೆ. ಅಜ್ಜಿಯನ್ನು ದೂರುವಂತಾಗಬಾರದೆಂದು ಸುತ್ತಿ ಬಳಸಿ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು, "ತಪ್ಪು ನಂದೂ ಇದೆ. ಐವತ್ತು ಮಕ್ಕಳಿಗೆ ಹೊಂದಿದ ಮಾತು ಐವತ್ತೊಂದನೇದಕ್ಕೆ ಹೊಂದಬೇಕು ಅಂತಿಲ್ಲ. ಗೋದಾಮಿನಲ್ಲಿ ಬಿಡಿ ಚೀಲ ಸಾಲದೆ ಹೋದ್ರೆ ಹತ್ತು ಚೀಲದ ಅಟ್ಟಿ ಬಿಚ್ತಿದ್ವಿ, ಯಾರನ್ನೂ ಕೇಳ್ತಿರಲಿಲ್ಲ. ನೀವು ಬೈಂಡಿಂಗ್‌ನಲ್ಲಿ ಇರೋದಲ್ವಾ? ಹತ್ತತ್ತರ ಕಟ್ಟು ಮಾಡ್ಕೊಳಿ" ಎಂದರು.

ಜುಲೈ 5, ಶನಿವಾರ

ಯಜಮಾನರನ್ನು ಕೇಳಿ ಕತ್ತರಿಸಿ ಉಳಿದ ಕಾಗದದ ಪಟ್ಟಿಗಳನ್ನು ತಂದೆ. ಹತ್ತತ್ತು ಎಣಿಸಿ ಹೊಲಿಗೆ ದಾರದಲ್ಲಿ ಕಟ್ಟಿದೆ. ಮಧ್ಯಾಹ್ನ ಊಟವಾದ ಮೇಲೆ ನೆಲದ ಮೇಲೆ ಮೂರು ಕಟ್ಟು, ಎರಡು ಬಿಡಿ ಪಟ್ಟಿ ಇಟ್ಟು, "ನನಗೆ ಹದಿನೇಳು ಕೊಡು" ಅಂದೆ.

ಒಂದು ಕಟ್ಟು ಕೊಟ್ಟಳು. ಎರಡು ಬಿಡಿ ಕೊಟ್ಟಳು. ನಿಂತಳು. ಬಹಳ ಹೊತ್ತು ಕಟ್ಟುಗಳನ್ನು ನೋಡಿದಳು. ನಾಲಿಗೆ ತುದಿಯವರೆಗೆ ಬಂದದ್ದನ್ನು ಕಷ್ಟಪಟ್ಟು ತಡೆದುಕೊಂಡೆ.

"ಇದರ ದಾರ ಬಿಚ್ಚಬಹುದಾ?"

"ಬಿಚ್ಚು."

"ಬೇರೆಯವರದ್ದಲ್ಲ ತಾನೆ?"

"ಮನೇಲಿರೋದು ಬೇರೆಯವರದ್ದು ಹೇಗಾಗತ್ತೆ?"

ಅವಳು ಗಂಟು ಬಿಚ್ಚಿದಳು. ಹತ್ತು ಪಟ್ಟಿ ನೆಲದ ಮೇಲೆ ಹರಡಿದವು. "ಹಾಗಾದ್ರೆ ಇದು ಕೇಳೋದಲ್ಲ. ನಮ್ಮದನ್ನೇ ನಾವು ಬಿಚ್ಕೊಳ್ಳೋದು" ಎಂದು ತನಗೇ ಹೇಳಿಕೊಂಡು, ಐದು ಎಣಿಸಿ ನನ್ನ ಕೈಗಿಟ್ಟಳು. ಉಳಿದದ್ದು ಒಂದು ಕಟ್ಟು, ಐದು ಬಿಡಿ. "ಹದಿನೈದು" ಅಂದಳು. ಆಮೇಲೆ ಸಾಯಂಕಾಲದವರೆಗೂ ಬಿಡಲಿಲ್ಲ. ನಲವತ್ತೊಂದರಲ್ಲಿ ಇಪ್ಪತ್ತಾರು, ಐವತ್ತರಲ್ಲಿ ಮೂವತ್ತೆರಡು. ಕಟ್ಟು ಬಿಚ್ಚಿ ಬಿಚ್ಚಿ ಮನೆಯೆಲ್ಲ ಕಾಗದ. ಗುಡಿಸಿ ಗುಡಿಸಿ ಸೊಂಟ ಬಿದ್ದುಹೋಯಿತು.

ಹೊಟ್ಟೆಗೆ ಹಾಲು ಹೊಯ್ದ ಹಾಗಿದೆ. ಟೀಚರ್, ಯಜಮಾನರು, ಆ ಚಪ್ಪಲಿಯಾತ, ಅವತ್ತು ಬಾಯಿ ಬಿಟ್ಟ ಶೂ, ಎಲ್ಲಕ್ಕೂ ಕೈ ಮುಗಿದೆ.

ಜುಲೈ 16, ಬುಧವಾರ

ಅವಳು ಮಲಗಿದ ಮೇಲೆ ಬರೆಯುತ್ತಿದ್ದೇನೆ.

ಇವತ್ತು ಸಂಜೆಯೊಳಗೆ ನಲವತ್ತು ಪುಸ್ತಕ ಕೊಡಬೇಕಿತ್ತು. ಹೊಲಿಗೆ ಮುಗಿಯುವಾಗ ನಾಲ್ಕೂಕಾಲು. ಓಡಿದೆ. ಶಾಲೆಯ ಗೇಟಿನಲ್ಲಿ ಯಾರೂ ಇರಲಿಲ್ಲ. ನನ್ನ ಮಗಳನ್ನು ನೋಡಿದಿರಾ ಎಂದು ಕಾವಲುಗಾರನನ್ನು ಕೇಳಿದೆ, ಎದುರಿನ ಪೇಪರ್ ಅಂಗಡಿಯವನನ್ನು ಕೇಳಿದೆ, ಬಸ್ ನಿಲ್ದಾಣದಲ್ಲಿ ನಿಂತವರನ್ನೆಲ್ಲ ಕೇಳಿದೆ. ನೀಲಿ ಚೀಲ, ಎರಡು ಜಡೆ, ಬಲ ಮೊಣಕಾಲ ಮೇಲೆ ಗಾಯದ ಕಲೆ, ಕೇಳಿದರೆ ಮಾತ್ರ ಮಾತಾಡುತ್ತಾಳೆ, ಅಂತೆಲ್ಲ ಒಂದೇ ಉಸಿರಿಗೆ ಹೇಳಿದೆ. ಎರಡು ದೊಡ್ಡ ರಸ್ತೆ ದಾಟಬೇಕು. ಲಾರಿಗಳು ಓಡಾಡುವ ಹೊತ್ತು.

ಕೊನೆಗೆ ಕಾಲು ತಾನಾಗಿ ಕ್ಲಾಸಿನ ಕಡೆ ಎಳೆಯಿತು. ಚಪ್ಪಲಿಯಾತ ದೂರದಿಂದಲೇ ಕೈ ಎತ್ತಿ, "ಇಲ್ಲೇ ಇದಾಳೆ, ಬಂದು ಅರ್ಧ ಗಂಟೆ ಆಯ್ತು!" ಎಂದು ಕೂಗಿದ. ಒಬ್ಬಳೇ ನಡೆದು ಬಂದಿದ್ದಾಳೆ. ಕ್ಲಾಸು ತಪ್ಪಬಾರದಂತೆ.

ಕ್ಲಾಸು ಬಿಟ್ಟ ಕೂಡಲೇ ಇಳಿದು ಬಂದಳು. ನಾನೇನು ಮಾಡಿದೆನೋ ಸರಿಯಾಗಿ ನೆನಪಿಲ್ಲ. ರೆಟ್ಟೆ ಹಿಡಿದುಕೊಂಡಿದ್ದೆ. ಬೀದಿಯೆಲ್ಲ ಕೇಳುವ ಹಾಗೆ ಕಿರುಚಿದೆ. "ಯಾರನ್ನ ಕೇಳಿ ಬಂದೆ? ಲಾರಿ ಕಣ್ಣಿಗೆ ಕಾಣಲ್ವಾ? ನಿಂಗೇನಾದ್ರೂ ಆಗಿದ್ರೆ ನಾನೇನು ಮಾಡ್ಬೇಕಿತ್ತು?" ನಾಲ್ಕು ಜನ ನಿಂತು ನೋಡಿದರು. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅಜ್ಜಿ ಹೇಳಿದ್ದು ನಿಜ, ಪಿಟೀಲೇ.

ಮದುವೆಯಾದಂದಿನಿಂದ ಒಂದು ಗಡಸು ಮಾತಾಡದೆ ನಾಲಿಗೆಗೆ ಬೀಗ ಹಾಕಿಕೊಂಡಿದ್ದೆ. ಲೈಬ್ರರಿಯ ಹಳೇ ಪೇಪರುಗಳಿಗೆ ಬೈಂಡ್ ಹಾಕುವಾಗ 'ಮಲತಾಯಿ ಧೋರಣೆ' ಅಂತ ದಪ್ಪ ಅಕ್ಷರ ಕಂಡರೆ, ಅದು ನೀರಿನ ಪೈಪಿನ ಸುದ್ದಿಯಾದರೂ, ನನ್ನ ಕಿವಿ ಬಿಸಿಯಾಗುತ್ತದೆ. ಇವತ್ತು ನಡುಬೀದಿಯಲ್ಲೇ ಮರ್ಯಾದೆ ಹೋಯಿತು.

ಕ್ಷೌರಿಕ ಮಾತ್ರ ತನ್ನ ಮಕ್ಕಳ ಕೈ ಹಿಡಿದುಕೊಂಡು ಹೋಗುತ್ತ, "ಇವತ್ತು ಸರಿಯಾಗಿ ಬೈದ್ರಿ ಅಕ್ಕ" ಎಂದ. ಇದರಲ್ಲಿ ಮೆಚ್ಚುವಂಥದ್ದೇನಿದೆಯೋ.

ಜುಲೈ 17, ಗುರುವಾರ

ಬೆಳಿಗ್ಗೆ ಜಡೆ ಹಾಕುವಾಗ ರಂಪ. "ನಂಗೆ ಈ ರಿಬ್ಬನ್ ಬೇಡ. ನೀನು ಬಿಗಿಯಾಗಿ ಎಳೀತೀಯ. ನೋಯತ್ತೆ." ನೆನ್ನೆಯವರೆಗೆ ಬಾಯಿಯೇ ಇಲ್ಲದ ಮಗು. ಏಕವಚನ ಬೇರೆ! ಒಂದು ಸಲ ಬೈದದ್ದಕ್ಕೆ ಕಲಿತ ಮರ್ಯಾದೆಯೆಲ್ಲ ಉದುರಿಹೋಯಿತೇ? ತಿದ್ದಬೇಕು ಅಂದುಕೊಂಡೆ. ಏಳಕ್ಕೆ ಅಂಗಡಿ ಸೇರಬೇಕಿತ್ತು, ಸಡಿಲವಾಗಿ ಹೆಣೆದು ಹೊರಟೆ.

ದಾರಿಯುದ್ದಕ್ಕೂ ಪಕ್ಕದಲ್ಲೇ ನಡೆದು ರಿಬ್ಬನ್ನಿನ ದೂರು ಹೇಳಿದಳು. ತಲೆ ಚಿಟ್ಟು ಹಿಡಿಯಿತು.

ಜುಲೈ 20, ಭಾನುವಾರ

ಗಾಳಿಗಿಂತ ಮಾತು ವೇಗ. ಬೀದಿಯಲ್ಲಿ ನಿಲ್ಲಿಸಿ ಬೈದದ್ದು ಅಜ್ಜಿಯ ಕಿವಿಗೆ ಬಿದ್ದಿದೆ, ಎರಡು ಏಟು ಸೇರಿಕೊಂಡೇ ಬಿದ್ದಿದೆ.

ಇವತ್ತು ಕೂರಲೂ ಇಲ್ಲ. "ನಿನ್ನ ಬಟ್ಟೆ ತಗೋ ಪಿಟೀಲು, ಹೋಗೋಣ" ಅಂದರು. ನನ್ನ ಕಡೆ ತಿರುಗಿ, "ತಪ್ಪು ತಿಳ್ಕೋಬೇಡಮ್ಮ. ನಿಂಗೂ ಕೆಲಸ ಇದೆ, ಕಷ್ಟ ಇದೆ. ಅವಳಪ್ಪ ಬರೋವರೆಗೆ ನನ್ನ ಹತ್ರ ಇರ್ಲಿ. ಅವನ ಹತ್ರ ಮಾತಾಡಿದೀನಿ. ಇಬ್ಬರೂ ಒಪ್ಪಿದ್ರೆ ಆಗ್ಲಿ ಅಂದ" ಎಂದರು. ದನಿ ಜೋರಿರಲಿಲ್ಲ. ಜೋರಿದ್ದರೆ ಸುಲಭವಾಗುತ್ತಿತ್ತು.

ಮಗು ಒಳಗೆ ಹೋಯಿತು. ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದಾಯಿತು. ಆಮೇಲೆ ಸದ್ದಿಲ್ಲ. ನಾನು ಕಂಬದ ಹಾಗೆ ನಿಂತಿದ್ದೆ. ಕೈಯಲ್ಲಿ ಒಂದು ಫ್ರಾಕು ಹಿಡಿದುಕೊಂಡು ಬಾಗಿಲಿಗೆ ಬಂದಳು. ಅಜ್ಜಿಯನ್ನು ನೋಡಲಿಲ್ಲ.

"ನಾನು ಇಲ್ಲೇ ಇರಬಹುದಾ?" ಅಂತ ನನ್ನನ್ನು ಕೇಳಿದಳು.

"ಇರು" ಅಂದೆ. "ನಾಳೆ ಕ್ಲಾಸಿದೆ. ಮಗುನ ನಾನು ಕಳಿಸಲ್ಲ ಅಮ್ಮಾ." ಎಷ್ಟು ಜೋರಾಗಿ ಅಂದೆನೆಂದರೆ ಪಕ್ಕದ ಮನೆಯವರು ರೇಡಿಯೋ ಸಣ್ಣ ಮಾಡಿದರು. ಹಿರಿಯರಿಗೆ ಹಾಗೆ ಎದುರು ಮಾತಾಡಿದ್ದು ನನ್ನ ಜನ್ಮದಲ್ಲಿ ಇಲ್ಲ.

ಅಜ್ಜಿ ಕೂತರು. ಕುರ್ಚಿಯ ತುದಿಯಲ್ಲಲ್ಲ, ಕುಸಿದು, ಪೂರ್ತಿ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. "ಏನೂ ಕೇಳಬೇಡ ಅಂತ ನಾನೇ ಹೇಳಿಕೊಟ್ಟಿದ್ದು. ಕೇಳಿ ಕೇಳಿ ಬೇಜಾರು ಮಾಡಿದ್ರೆ ನೀನು ಇವಳನ್ನ ದೂರ ಇಟ್ಟುಬಿಡ್ತೀಯ ಅಂತ ಹೆದರಿದ್ದೆ ಕಣಮ್ಮ. ಮಗಳು ಹೋದಳು. ಇವಳಿಗೊಂದು ನೆಲೆ ಆಗ್ಲಿ ಅಂತ..."

ನಾನು ಇಷ್ಟು ದಿನ ಆ ಮಾತನ್ನು ನನ್ನ ಮೇಲಿನ ಹಗೆ ಅಂದುಕೊಂಡಿದ್ದೆ. ಅವರು ಮಗುವಿನ ಬಾಯಿ ಕಟ್ಟಿದ್ದು ಅದಕ್ಕೊಂದು ಮನೆ ಉಳಿಯಲಿ ಅಂತ. ಪಕ್ಕದಲ್ಲಿ ನೆಲದ ಮೇಲೆ ಕೂತೆ. "ಏಟು ಹಾಕಿಲ್ಲಮ್ಮ, ಬೈದದ್ದು ನಿಜ" ಅಂದೆ. "ಒಬ್ಬಳೇ ರಸ್ತೆ ದಾಟಿದ್ಲಂತೆ?" ಅಂದರು. ಹೌದೆಂದೆ. ಕಣ್ಣೊರೆಸಿಕೊಂಡು ಮೊಮ್ಮಗಳ ಕಡೆ ತಿರುಗಿ ಕೆಂಡ ಕಾರಿದರು. ನಾನು ಬೈದದ್ದು ಅದರ ಮುಂದೆ ಏನೇನೂ ಅಲ್ಲ.

ಲೋಟ ಖಾಲಿ ಮಾಡಿ ಎದ್ದರು.

ಆಗಸ್ಟ್ 1, ಶುಕ್ರವಾರ

ಕ್ಲಾಸು ನೋಡಬೇಕೆಂದು ಅಜ್ಜಿ ಬಂದಿದ್ದರು. ಹದಿನಾರು ಮೆಟ್ಟಿಲಿಗೆ ನಾಲ್ಕು ಕಡೆ ಕೂತರು. ಟೀಚರ್ ಅವರನ್ನು ಒಳಗೆ ಕರೆದು, ಬೆಂಚಿನ ಮೇಲೆ ಮೊಮ್ಮಗಳ ಪಕ್ಕದಲ್ಲಿ ಕೂರಿಸಿ, "ಅರವತ್ತಮೂರರಲ್ಲಿ ಇಪ್ಪತ್ತೆಂಟು ಹೋದ್ರೆ?" ಎಂದರು. ಅಜ್ಜಿಗಿಂತ ಮೊದಲು ಮೊಮ್ಮಗಳು ಮೂವತ್ತೈದು ಅಂದಳು. ಅಜ್ಜಿ ನಾಚಿ, "ನಂಗೂ ಬಾಯಿಗೆ ಬಂದಿತ್ತು" ಅಂದರು. ಕೋಣೆಯೆಲ್ಲ ನಗು.

ಇಬ್ಬರು ಮುದುಕಿಯರೂ ಮೊಣಕಾಲು ನೋವಿನ ಮೇಲೆ ಸ್ನೇಹ ಬೆಳೆಸಿಕೊಂಡರು. ಇನ್ನು ಬುಧವಾರ ಅಜ್ಜಿಯೇ ಕರೆದುಕೊಂಡು ಬರುತ್ತಾರಂತೆ. ನನಗೆ ಒಂದು ದಿನ ಬಿಡುವು. ದೊಡ್ಡ ಉಪಕಾರ.

ಆಗಸ್ಟ್ 6, ಬುಧವಾರ

ಬಿಡುವು. ಏನು ಮಾಡಲೂ ತೋಚಲಿಲ್ಲ. ಪರದೆ ಒಗೆದೆ. ಐದೂವರೆಯಿಂದ ಬಾಗಿಲಲ್ಲಿ ನಿಂತಿದ್ದೆ, ಗಾಳಿಗೆ.

ಆಗಸ್ಟ್ 20, ಬುಧವಾರ

ಅಂಗಡಿಯಲ್ಲಿ ಬೆಳಿಗ್ಗೆ ಪಿಟ್ಟಿ ಫಾರಂ ಎಣಿಸಿಕೊಡುತ್ತಾಳೆ. ಪಿಟೀಲು ನನ್ನ ಬಾಯಲ್ಲಿ ಯಾವಾಗಲೋ ಪಿಟ್ಟಿಯಾಗಿದೆ. ಒಂದು ದೊಡ್ಡ ಹಾಳೆ ಮೂರು ಸಲ ಮಡಿಸಿದರೆ ಹದಿನಾರು ಪುಟ, ಅದೇ ಒಂದು ಫಾರಂ. ಇವತ್ತು ಅವಳು ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಮುಟ್ಟಿ ಮುಟ್ಟಿ ಎಣಿಸುತ್ತಿದ್ದುದನ್ನು ಗಮನಿಸಿದೆ. ಒಂದು ಬೆರಳಿಗೆ ಮೂರು, ಕೈಗೆ ಹನ್ನೆರಡು.

"ಯಾರು ಹೇಳ್ಕೊಟ್ಟಿದ್ದು? ಟೀಚರಾ?"

"ಅಮ್ಮ" ಅಂದಳು. ಎಣಿಕೆ ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಅಮ್ಮಂಗೆ ಬೆರಳು ಉದ್ದ ಇತ್ತು. ನಂದು ಹಾಗೇ ಇದೆಯಂತೆ" ಎಂದು ಕೈ ಚಾಚಿ ತೋರಿಸಿದಳು. ನಿಜ, ಉದ್ದ ಬೆರಳು. ಹೊಲಿಗೆಗೆ ಹೇಳಿಮಾಡಿಸಿದ್ದು.

ಆ ಹೆಣ್ಣುಮಗಳ ಫೋಟೋ ನಮ್ಮ ನಡುಮನೆಯಲ್ಲಿದೆ. ಮದುವೆಯಾಗಿ ಬಂದಾಗಿನಿಂದ ಆ ಕಡೆ ನೋಡದೆ ಓಡಾಡುತ್ತಿದ್ದೆ. ಇವತ್ತು ಧೂಳು ಒರೆಸುವಾಗ ನಿಂತು ನೋಡಿದೆ. ಐದು ವರ್ಷದಲ್ಲಿ ಎಷ್ಟು ಕಲಿಸಿ ಹೋಗಿದ್ದೀಯ ತಾಯಿ. ಎಣಿಸುವುದು, ಬಟ್ಟೆ ಮಡಿಸುವುದು, ಯಾವುದನ್ನೇ ಆದರೂ ನಿಧಾನವಾಗಿ ನೋಡುವುದು. ನನಗೆ ಸಿಕ್ಕಿದ್ದು ನೀನು ಅರ್ಧ ಬೆಳೆಸಿಟ್ಟ ಪೈರು. ನಿನ್ನ ಋಣ ಹೇಗೆ ತೀರಿಸಲಿ ಅಂತ ಕೇಳಿದೆ. ಫೋಟೋದ ಚೌಕಟ್ಟು ಸಡಿಲಾಗಿತ್ತು. ಅಂಗಡಿಗೆ ಒಯ್ದು ಗೋಂದು ಹಾಕಿ ಬಿಗಿ ಮಾಡಿ ತಂದೆ. ಸದ್ಯಕ್ಕೆ ಅಷ್ಟು.

ಸೆಪ್ಟೆಂಬರ್ 12, ಶುಕ್ರವಾರ

ಪರೀಕ್ಷೆ. ಅವಳು ಚೆನ್ನಾಗಿ ತಿಂದು ಹೋದಳು. ನನಗೆ ಒಂದು ತುತ್ತೂ ಇಳಿಯಲಿಲ್ಲ. ಅಂಗಡಿಯಲ್ಲಿ ಒಂದು ಪುಸ್ತಕವನ್ನು ತಲೆಕೆಳಗಾಗಿ ಹೊಲಿದೆ. ಯಜಮಾನರು ನೋಡಿ, ಏನೂ ಹೇಳದೆ ತಾವೇ ಬಿಚ್ಚಲು ಕೂತರು.

ಸೆಪ್ಟೆಂಬರ್ 22, ಸೋಮವಾರ

ಐವತ್ತಕ್ಕೆ ಮೂವತ್ತನಾಲ್ಕು! ಎರಡನೇ ಕ್ಲಾಸಿನಲ್ಲೇ ಇರುತ್ತಾಳೆ.

ಶಾಲೆಯ ಟೀಚರ್ ಉತ್ತರಪತ್ರಿಕೆ ತೋರಿಸಿದರು. ಖಾಲಿ ಬಿಟ್ಟದ್ದು ಒಂದೂ ಇಲ್ಲ. ಎರಡು ಕಡೆ ಕೂಡಿದ್ದು ತಪ್ಪಿದೆ, ಗಡಿಯಾರದ ಲೆಕ್ಕ ಪೂರ್ತಿ ತಪ್ಪು. ಕಳೆದದ್ದೆಲ್ಲ ಸರಿ. ಹಾಳೆಯ ಅಂಚಿನಲ್ಲಿ ಪುಟ್ಟ ಪುಟ್ಟ ಕಟ್ಟುಗಳ ಚಿತ್ರ, ಬಿಚ್ಚಿದ ದಾರದ ಸಮೇತ. "ಇದೇನಿದು ಅಂತ ಕೇಳಿದೆ. ನಮ್ಮ ಮನೆ ಲೆಕ್ಕ ಅಂದ್ಲು" ಎಂದರು ಟೀಚರ್.

ಸಂಜೆ ಮೆಟ್ಟಿಲು ಹತ್ತಿ ಹೋಗಿ ಲೆಕ್ಕದ ಟೀಚರಿಗೆ ನಮಸ್ಕಾರ ಮಾಡಿದೆ. ಕಣ್ಣೀರು ನಿಲ್ಲಲಿಲ್ಲ. "ಅಯ್ಯೋ, ನೂರಕ್ಕೆ ನೂರು ತೆಗೆದವರ ತಾಯಂದಿರೇ ಇಷ್ಟು ಅಳಲ್ಲ" ಎಂದು ತಮಾಷೆ ಮಾಡಿದರು. ಆಮೇಲೆ, "ಇನ್ನು ಇವಳಿಗೆ ಕ್ಲಾಸು ಬೇಕಿಲ್ಲ. ಮನೇಲೇ ನೋಡ್ಕೊಂಡ್ರೆ ಸಾಕು. ನೀವು ಮೊದಲಿನ ಹಾಗೆ ಆರರವರೆಗೆ ಕೆಲಸ ಮಾಡಬಹುದು" ಅಂದರು.

ಒಳ್ಳೆಯ ಸುದ್ದಿಯೇ. ಆದರೂ ಮೆಟ್ಟಿಲನ್ನು ಒಂದೊಂದೇ ಎಣಿಸುತ್ತ ಇಳಿದೆ. ಪಿಟ್ಟಿ ಮಧ್ಯದ ಮೆಟ್ಟಿ‍ಲಲ್ಲಿ ನಿಂತಳು. "ಗಡಿಯಾರದ ಲೆಕ್ಕ ತಪ್ಪಿದೆಯಲ್ಲ? ಅದನ್ನ ಕಲೀಬೇಡ್ವಾ? ಹೋಗಿ ಹೇಳು ನೀನು."

ಹೋಗಿ ಹೇಳಿದೆ. ಗಡಿಯಾರ ಮುಗಿಯುವವರೆಗೆ ಅಂತ ಟೀಚರ್ ಒಪ್ಪಿದರು. ಕ್ಷೌರಿಕ ಕೇಳಿ, "ಗಡಿಯಾರ ಮುಗಿಯೋದಾ ಅಕ್ಕ? ಅದು ಸುತ್ತುತ್ತಾನೇ ಇರತ್ತೆ" ಎಂದ.

ಅಕ್ಟೋಬರ್ 5, ಭಾನುವಾರ

ಮನೆಯವರು ಬಂದರು. ಮಧ್ಯಾಹ್ನದ ಬಸ್ಸು. ಬಿಸಿಲಿಗೆ ಕಪ್ಪಾಗಿದ್ದಾರೆ, ಕೈಯೆಲ್ಲ ಒರಟು.

ಅವರು ಬಂದಾಗ ನಾವಿಬ್ಬರೂ ಜಗಳದಲ್ಲಿದ್ದೆವು. ಮೂರು ದಿನದಿಂದ ಉಗುರು ಕತ್ತರಿಸಿಕೊಳ್ಳೆಂದು ಹೇಳುತ್ತಿದ್ದೇನೆ, ಕೇಳುವುದಿಲ್ಲ. ಅವಳು ಮಂಚದ ಆಚೆ, ನಾನು ಈಚೆ. "ಬರಲ್ಲ ಹೋಗು" ಅಂತ ಅವಳು, "ಬಂದ್ಯೋ ಇಲ್ವೋ" ಅಂತ ನಾನು. ಬಾಗಿಲು ತೆರೆದೇ ಇತ್ತು. ಅವರು ಎಷ್ಟು ಹೊತ್ತಿನಿಂದ ಹೊಸ್ತಿಲಲ್ಲಿ ನಿಂತಿದ್ದರೋ. ಚೀಲ ಹೆಗಲ ಮೇಲೇ ಇತ್ತು, ಇಳಿಸುವುದನ್ನೂ ಮರೆತಿದ್ದರು.

ಅವಳು ಓಡಿಹೋಗಿ ಕೊರಳಿಗೆ ಜೋತುಬಿದ್ದಳು. ಅಪ್ಪನ ಭುಜದ ಮೇಲಿಂದಲೇ ನನಗೆ ನಾಲಿಗೆ ಚಾಚಿದಳು.

ಊಟ ಮಾಡುವಾಗ ಅವರು ಸುಮ್ಮನೆ ಮನೆಯೆಲ್ಲ ನೋಡುತ್ತಿದ್ದರು. "ಮನೆ ಬೇರೆ ಥರ ಆಗಿದೆ" ಅಂದರು.

"ಏನೂ ಇಲ್ಲ. ಪರದೆ ಒಗೆದಿದೀನಿ" ಅಂದೆ.

ಅವರು ನಕ್ಕರು. ಕಣ್ಣಲ್ಲಿ ನೀರು ಯಾಕೆ ಬಂತೋ, ಪ್ರಯಾಣದ ಧೂಳಿರಬೇಕು. ಏನೇ ಇರಲಿ, ಸುಖವಾಗಿ ಬಂದರಲ್ಲ, ಅಷ್ಟೇ ಸಾಕು. ಇವತ್ತು ನೆನೆಯಲು ಬೇರೆ ಉಪಕಾರ ಬೇಡ.

ನಾಳೆ ಬೆಳಿಗ್ಗೆ ನೀನು ಮಲಗಿರು, ನಾನೇ ಅವಳನ್ನು ಎಬ್ಬಿಸಿ ಹೊರಡಿಸುತ್ತೇನೆ ಎಂದು ಅವರು ಹೇಳಿದರು. ಪಿಟ್ಟಿ ಒಪ್ಪಲಿಲ್ಲ. ಅಪ್ಪ ಎಬ್ಬಿಸಿದರೆ ಏಳುವುದೇ ಇಲ್ಲವಂತೆ, ನಾನೇ ಎಬ್ಬಿಸಬೇಕಂತೆ, ಅದೂ ಎರಡು ಸಲ, ಮೊದಲನೇ ಸಲ ಮೆಲ್ಲಗೆ. ಇನ್ನು ಇದೊಂದು ಹೊಸ ರಗಳೆ. ಆರಕ್ಕೇ ಏಳಬೇಕು.